ಹೊಸ ಪಿಸ್ತೂಲಿನ ಒರಟು: ಯಾವುದನ್ನು ಉಜ್ಜಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿರುವ ಕನ್ನಡಿಗ. ಎರಡು ತಿಂಗಳ ಹಿಂದೆ 1911 ಮಾದರಿಯ .45 ಪಿಸ್ತೂಲು ಕೊಂಡೆ. ಹೊಚ್ಚ ಹೊಸದು, ಉಕ್ಕಿನ ಫ್ರೇಮ್ (ಹಿಡಿ ಇರುವ ಮೈ), ಕಪ್ಪು ಬ್ಲೂಯಿಂಗ್ (ಉಕ್ಕಿಗೆ ಕೊಡುವ ಬಣ್ಣ). ಬಿಚ್ಚಿ ನೋಡಿದರೆ ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಒಳಗೆಲ್ಲ ಕಟರ್ ಗೆರೆಗಳು. ಅಂಚುಗಳು ಕೈ ಕೊಯ್ಯುತ್ತವೆ. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಲಿವರ್) ಗಟ್ಟಿ. ಹಾಲೋ ಪಾಯಿಂಟ್ (ಮೂತಿಯಲ್ಲಿ ಗುಳಿ ಇರುವ) ತೋಟಾ ಹಾಕಿದರೆ ಐವತ್ತಕ್ಕೆ ಎರಡು ಮೂರು ಸಲ ಸಿಕ್ಕಿಕೊಳ್ಳುತ್ತದೆ. ಡ್ರೆಮೆಲ್ (ತಿರುಗುವ ಸಣ್ಣ ಪಾಲಿಶ್ ಯಂತ್ರ) ಹಿಡಿದು, ತೋಟಾ ಬ್ಯಾರೆಲಿಗೆ ಹತ್ತುವ ಇಳಿಜಾರು, ಅಂದರೆ ಫೀಡ್ ರ‍್ಯಾಂಪ್ ಪಾಲಿಶ್ ಮಾಡು ಅಂತ ಗೆಳೆಯ ಹೇಳುತ್ತಾನೆ. ಇದರ ಜೊತೆಗೆ 1943ರ ರೆಮಿಂಗ್ಟನ್ ರ‍್ಯಾಂಡ್ ಪಿಸ್ತೂಲೊಂದು ಸಿಕ್ಕಿದೆ. ಅದರ ಮೇಲೂ ಗೆರೆಗಳೇ. ಎರಡನ್ನೂ ಒಟ್ಟಿಗೆ ನಯ ಮಾಡಿಬಿಡಲೇ?

ಉತ್ತರ:

ಮೊದಲು ಗೆಳೆಯನ ಕೈಯಿಂದ ಆ ಡ್ರೆಮೆಲ್ ಇಸಿದುಕೊಂಡು ಒಳಗಿಡಿ. ಉಳಿದದ್ದು ಆಮೇಲೆ.

ತಮಾಷೆಗೆ ಹೇಳುತ್ತಿಲ್ಲ. ನಾನು ಕೆಲಸ ಕಲಿತದ್ದು ಪೀಣ್ಯದ ಒಂದು ಟೂಲ್ ರೂಮಿನಲ್ಲಿ, ಡೈ ಫಿಟ್ಟರ್ ಆಗಿ. ಅಮೆರಿಕಕ್ಕೆ ಬಂದ ಮೇಲೆ ಬಂದೂಕು ರಿಪೇರಿ ಮಾಡುವ ಒಂದು ಗನ್‌ಸ್ಮಿತ್ ಅಂಗಡಿ ಸೇರಿದೆ. ಸೇರಿದ ಹೊಸದರಲ್ಲಿ ಒಬ್ಬ ಗಿರಾಕಿಯ ಪಿಸ್ತೂಲಿನ ರ‍್ಯಾಂಪನ್ನು ಕನ್ನಡಿ ಥರ ಹೊಳೆಸೋಣ ಅಂತ ಇಂಥದೇ ತಿರುಗುವ ಕಡ್ಡಿ ಹಿಡಿದೆ. ಹತ್ತು ನಿಮಿಷದ ಕೆಲಸ. ಹೊಳಪು ಬಂತು, ಜೊತೆಗೆ ಮೇಲಂಚು ದುಂಡಗಾಯಿತು, ಇಳಿಜಾರಿನ ಕೋನವೂ ಕೆಟ್ಟಿತು. ಅಪರೂಪಕ್ಕೆ ಸಿಕ್ಕಿಕೊಳ್ಳುತ್ತಿದ್ದ ಪಿಸ್ತೂಲು ಮ್ಯಾಗಜೀನಿಗೊಮ್ಮೆ (ತೋಟಾ ತುಂಬುವ ಡಬ್ಬಿಗೊಮ್ಮೆ) ಸಿಕ್ಕಿಕೊಳ್ಳತೊಡಗಿತು. ಫ್ರೇಮಿಗೆ ವೆಲ್ಡ್ ಹಾಕಿಸಿ, ಮತ್ತೆ ಮಿಲ್ಲಿಂಗ್ ಮಾಡಿಸಿ, ಬ್ಲೂಯಿಂಗ್ ಕೊಡಿಸಿ ವಾಪಸ್ ಕೊಡುವಷ್ಟರಲ್ಲಿ ನನ್ನ ಎರಡು ವಾರದ ಸಂಬಳ ಹೋಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ಹಾಗೆ.

ಆಗ ಅಂಗಡಿಯ ಹಿರಿಯರು ಬೈಯಲಿಲ್ಲ. ಒಂದೇ ಮಾತು ಹೇಳಿದರು: ಎರಡು ಭಾಗ ತಾಗಿ ತಕರಾರು ಮಾಡುತ್ತಿದ್ದರೆ ಅಗ್ಗದ ಭಾಗಕ್ಕೆ ಅರ ಹಾಕು. ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಇದರಲ್ಲೇ ಇದೆ. ಎಕ್ಸ್‌ಟ್ರಾಕ್ಟರ್ (ತೋಟಾದ ಅಂಚು ಹಿಡಿದು ಹೊರಗೆಳೆಯುವ ಕೊಕ್ಕೆ), ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಲಿವರ್), ಮ್ಯಾಗಜೀನ್, ಸ್ಪ್ರಿಂಗ್, ಬೇಕಾದರೆ ಬ್ಯಾರೆಲ್ ಕೂಡ ಅಂಚೆಯಲ್ಲಿ ಮನೆಗೆ ಬರುತ್ತವೆ. ಕೆಟ್ಟರೆ ಇನ್ನೊಂದು ತರಿಸಬಹುದು. ಫ್ರೇಮ್ ಹಾಗಲ್ಲ. ಅಮೆರಿಕದ ಕಾನೂನಿನ ಕಣ್ಣಿಗೆ ಸೀರಿಯಲ್ ನಂಬರ್ ಇರುವ ಆ ಫ್ರೇಮೇ ಪಿಸ್ತೂಲು, ಉಳಿದದ್ದೆಲ್ಲ ಬಿಡಿಭಾಗ. ಅದನ್ನು ಕೆಡಿಸಿಕೊಂಡರೆ ಮತ್ತೊಂದು ಪಿಸ್ತೂಲು ಕೊಂಡಂತೆಯೇ ಕಾಗದಪತ್ರ ಮಾಡಬೇಕು.

ಊರಿನಲ್ಲಿ ಕೂತು ಇದನ್ನು ಓದುವವರಿಗೆ ಎರಡು ಸಾಲು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಇಟ್ಟುಕೊಳ್ಳುವ ಲೈಸೆನ್ಸ್ ಇದೆ ಅಂತ ಮನೆಯಲ್ಲಿ ಅರ ಹಿಡಿದು ಕೂರುವಂತಿಲ್ಲ. ಹಾಗಾಗಿ ಇದನ್ನು ತಿಳಿವಳಿಕೆಗೆ ಓದಿಕೊಳ್ಳಿ, ಕೆಲಸವನ್ನು ಪರವಾನಗಿ ಇರುವ ಅಂಗಡಿಗೆ ಕೊಡಿ. ಟೆಕ್ಸಾಸ್‌ನಲ್ಲಿ ನಿಮ್ಮ ಸ್ವಂತ ಪಿಸ್ತೂಲನ್ನು ನೀವೇ ಸರಿಮಾಡಿಕೊಳ್ಳಬಹುದು. ಆದರೆ ಹೊಸದು ಅಂತೀರಿ. ಅಂದರೆ ವಾರಂಟಿ ಇದೆ. ಅರದ ಒಂದು ಗೀರು ಬಿದ್ದರೂ ಕಂಪನಿ ಕೈ ಎತ್ತಬಹುದು. ಆದ್ದರಿಂದ ಏನನ್ನು ವಾಪಸ್ ಕಳಿಸಬೇಕು, ಏನನ್ನು ಮನೆಯಲ್ಲೇ ಮಾಡಬಹುದು ಅಂತ ಬೇರೆ ಮಾಡುವುದೇ ಮೊದಲ ಕೆಲಸ.

ಸ್ಲೈಡ್ ಒಳಗಿನ ಗೆರೆಗಳಿಂದ ಶುರು ಮಾಡೋಣ. ಅವು ಕಟರ್ ನಡುಗಿದ ಗುರುತು. ಉದ್ದದ ತೆಳ್ಳನೆ ಕಟರ್ ಆಳಕ್ಕೆ ಹೋದಾಗ ಕಂಪಿಸುತ್ತದೆ. ಕಟರ್ ಮೊಂಡಾಗಿದ್ದರೆ ಇನ್ನೂ ಜಾಸ್ತಿ. ಲೋಹದ ಮೇಲೆ ಸಣ್ಣ ಅಲೆ ಮೂಡುತ್ತದೆ. ನೋಡಲು ಚೆನ್ನಾಗಿಲ್ಲ, ನಿಜ. ಆದರೆ ಸ್ಲೈಡಿನ ಒಳಚಾವಣಿಗೆ ಯಾವ ಭಾಗವೂ ಒತ್ತಿ ಉಜ್ಜುವುದಿಲ್ಲ. ಅಲ್ಲಿ ಗೆರೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಲೇತ್ ಬೆಡ್ ಮೇಲೆ ಕೈಯಿಂದ ಸ್ಕ್ರೇಪ್ ಮಾಡಿ ಬೇಕಂತಲೇ ಸಣ್ಣ ಸಣ್ಣ ಗುಳಿ ಬಿಡುವುದನ್ನು ಟೂಲ್ ರೂಮಿನವರೆಲ್ಲ ನೋಡಿರುತ್ತಾರೆ. ಎಣ್ಣೆ ನಿಲ್ಲಲಿ ಅಂತ. ನಿಮ್ಮ ಸ್ಲೈಡಿನ ಗೆರೆಯೂ ಅಷ್ಟಿಷ್ಟು ಎಣ್ಣೆ ಹಿಡಿದುಕೊಳ್ಳುತ್ತದೆ ಅಂದುಕೊಂಡು ಸುಮ್ನೆ ಬಿಡಿ.

ಒಂದು ಕಡೆಯ ಗೆರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದು ಬ್ರೀಚ್ ಫೇಸ್, ಅಂದರೆ ತೋಟಾದ ಹಿಂಭಾಗ ಬಂದು ಕೂರುವ ಸ್ಲೈಡಿನ ಗೋಡೆ. 1911 ಮಾದರಿಯಲ್ಲಿ ತೋಟಾ ಮ್ಯಾಗಜೀನಿನಿಂದ ಮೇಲೇಳುವಾಗ ಅದರ ಅಂಚು ಈ ಗೋಡೆಗುಂಟ ಕೆಳಗಿನಿಂದ ಮೇಲಕ್ಕೆ ಜಾರಿ ಎಕ್ಸ್‌ಟ್ರಾಕ್ಟರಿನ ಕೊಕ್ಕೆಯೊಳಗೆ ಹೋಗಬೇಕು. ಗೋಡೆಯ ಮೇಲೆ ಅಡ್ಡ ಗೆರೆಗಳಿದ್ದರೆ ಹಿತ್ತಾಳೆ ಅಂಚು ಅಲ್ಲಿ ತಡವರಿಸುತ್ತದೆ. ತೋಟಾವನ್ನು ಕುಟ್ಟುವ ಫೈರಿಂಗ್ ಪಿನ್‌ನ ರಂಧ್ರದ ಸುತ್ತ ಬರ್ (ಕೊರೆದಾಗ ಉಳಿದ ಚೂಪು ಲೋಹದ ಮುಳ್ಳು) ಎದ್ದಿದ್ದರೂ ಅದೇ ಕಥೆ. ಉಗುರು ತುದಿಯನ್ನು ಕೆಳಗಿಂದ ಮೇಲಕ್ಕೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ತೋಟಾವೂ ಸಿಕ್ಕಿಕೊಳ್ಳುತ್ತದೆ. ಫೈರಿಂಗ್ ಪಿನ್ ಮತ್ತು ಎಕ್ಸ್‌ಟ್ರಾಕ್ಟರ್ ತೆಗೆದು, ನುಣುಪಾದ ಸಣ್ಣ ಸಾಣೆಕಲ್ಲಿಗೆ ಒಂದು ಹನಿ ಎಣ್ಣೆ ಹಾಕಿ, ಮೇಲೆ ಕೆಳಗೆ ಮಾತ್ರ ನಾಲ್ಕಾರು ಸಲ ಎಳೆಯಿರಿ. ಗೆರೆಯ ತಲೆ ಸವೆದರೆ ಸಾಕು, ಬುಡದವರೆಗೆ ಹೋಗಬೇಡಿ. ಈ ಗೋಡೆಯನ್ನು ಹಿಂದಕ್ಕೆ ತಳ್ಳಿದಷ್ಟೂ ತೋಟಾಕ್ಕೆ ಹಿಂದೆ ಸಡಿಲು ಜಾಗ ಹೆಚ್ಚುತ್ತದೆ. ಅದು ಒಳ್ಳೆಯದಲ್ಲ.

ಇನ್ನು ಸಿಕ್ಕಿಕೊಳ್ಳುವ ಸಂಗತಿ. ಇದರಲ್ಲಿ ಎಲ್ಲರೂ ರ‍್ಯಾಂಪಿನ ಮೇಲೆ ಕಣ್ಣು ಹಾಕುತ್ತಾರೆ. ನಾನು ಮೊದಲು ಮ್ಯಾಗಜೀನ್ ನೋಡುತ್ತೇನೆ. ಅಂಗಡಿಗೆ ಬರುವ ದೂರುಗಳಲ್ಲಿ ಬಹಳಷ್ಟು ಅಲ್ಲೇ ಮುಗಿಯುತ್ತವೆ. ತೋಟಾವನ್ನು ಹಿಡಿದಿಡುವ ಮೇಲಿನ ತುಟಿಗಳು ಸ್ವಲ್ಪ ಅಗಲವಾಗಿದ್ದರೂ, ಸ್ಪ್ರಿಂಗ್ ಸೋತಿದ್ದರೂ ತೋಟಾದ ಮೂತಿ ತಪ್ಪು ಎತ್ತರದಲ್ಲಿ ಬರುತ್ತದೆ. ಹಳೆಯ ಮಿಲಿಟರಿ ಮ್ಯಾಗಜೀನ್ ತುಟಿಗಳು ದುಂಡು ಮೂತಿಯ 230 ಗ್ರೇನ್ ತೂಕದ ಗುಂಡಿಗೆ ಅಂತ ಮಾಡಿದವು. ತೋಟಾವನ್ನು ಅವು ನಿಧಾನವಾಗಿ ಬಿಡುತ್ತವೆ. ಹಾಲೋ ಪಾಯಿಂಟಿನ ಮೂತಿ ಗಿಡ್ಡ, ಬಾಯಿ ಅಗಲ. ಅದಕ್ಕೆ ಬೇಗ ಬಿಡುವ ತುಟಿ ಇದ್ದರೆ ಅನುಕೂಲ. ನಿಮ್ಮಲ್ಲಿ ಎಷ್ಟು ಮ್ಯಾಗಜೀನ್ ಇವೆಯೋ ಅಷ್ಟಕ್ಕೂ ಮಾರ್ಕರ್‌ನಲ್ಲಿ 1, 2, 3 ಅಂತ ನಂಬರ್ ಬರೆಯಿರಿ. ಸಿಕ್ಕಿಕೊಂಡಾಗಲೆಲ್ಲ ನಂಬರ್ ಗುರುತು ಹಾಕಿಕೊಳ್ಳಿ. ಎರಡನೆಯದರಲ್ಲೇ ಮತ್ತೆ ಮತ್ತೆ ಆದರೆ ಪಿಸ್ತೂಲನ್ನು ಯಾಕೆ ಬೈಯಬೇಕು?

ಮ್ಯಾಗಜೀನ್ ಬದಲಾಯಿಸಿದರೂ ಆಗುತ್ತಿದ್ದರೆ ಎಕ್ಸ್‌ಟ್ರಾಕ್ಟರ್ ಹಿಡಿಯಿರಿ. ಈ ಪಿಸ್ತೂಲನ್ನು ವಿನ್ಯಾಸ ಮಾಡಿದ ಜಾನ್ ಬ್ರೌನಿಂಗ್ ಇದನ್ನು ಮಾಡಿದ ರೀತಿ ನನಗೆ ತುಂಬಾ ಇಷ್ಟ. ಬೇರೆ ಸ್ಪ್ರಿಂಗ್ ಇಲ್ಲ, ಪಿನ್ ಇಲ್ಲ. ಉದ್ದನೆಯ ಉಕ್ಕಿನ ಕಡ್ಡಿ, ತುದಿಗೆ ಕೊಕ್ಕೆ. ಆ ಕಡ್ಡಿಯ ಬಾಗೇ ಸ್ಪ್ರಿಂಗ್. ಅದಕ್ಕೇ ಅದು ಸ್ಪ್ರಿಂಗ್ ಸ್ಟೀಲಿನದೇ ಆಗಿರಬೇಕು. ಈಗ ಕೆಲವು ಅಗ್ಗದ ಪಿಸ್ತೂಲುಗಳಲ್ಲಿ ಲೋಹದ ಪುಡಿಯನ್ನು ಅಚ್ಚಿಗೆ ಒತ್ತಿ ಕುಲುಮೆಯಲ್ಲಿ ಬೇಯಿಸಿ ಮಾಡಿದ ಎಕ್ಸ್‌ಟ್ರಾಕ್ಟರ್ ಬರುತ್ತದೆ. ಗನ್‌ಸ್ಮಿತ್‌ಗಳು ಅದನ್ನು ಎಂಐಎಂ ಅನ್ನುತ್ತಾರೆ. ಎಷ್ಟೋ ಭಾಗಗಳಿಗೆ ಆ ವಿಧಾನ ಸಾಕು, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬಾಗಿ ಮತ್ತೆ ನೆಟ್ಟಗಾಗಬೇಕಾದ ಭಾಗಕ್ಕೆ ಅದು ಬೇಡ. ಸ್ಪ್ರಿಂಗ್ ಸ್ಟೀಲಿನದು ಮೂವತ್ತು ನಲವತ್ತು ಡಾಲರಿಗೆ ಸಿಗುತ್ತದೆ.

ಪರೀಕ್ಷೆ ಸುಲಭ. ಸ್ಲೈಡ್ ಬಿಚ್ಚಿ, ಬ್ಯಾರೆಲ್ ತೆಗೆದಿಡಿ. ಡಮ್ಮಿ ತೋಟಾವನ್ನು ಕೆಳಗಿನಿಂದ ಕೊಕ್ಕೆಯೊಳಗೆ ತಳ್ಳಿ. ನಿಜವಾದ ತೋಟಾ ಬೇಡ, ಮೇಜಿನ ಹತ್ತಿರಕ್ಕೂ ಬೇಡ. ಬೆರಳಿನ ಸಣ್ಣ ಒತ್ತಡಕ್ಕೆ ಒಳಗೆ ಹೋಗಬೇಕು. ಸ್ಲೈಡನ್ನು ಮೆಲ್ಲಗೆ ಅಲುಗಾಡಿಸಿದರೆ ಬೀಳಬಾರದು. ಬಿದ್ದರೆ ಬಿಗಿ ಕಮ್ಮಿ. ಹೆಬ್ಬೆರಳು ನೋಯುವಷ್ಟು ತಳ್ಳಬೇಕಾದರೆ ಬಿಗಿ ಜಾಸ್ತಿ, ಆಗ ತೋಟಾ ಅರ್ಧದಲ್ಲಿ ನಿಲ್ಲುತ್ತದೆ. ಕಡ್ಡಿಯ ಮುಂಭಾಗವನ್ನು ಅದರದೇ ರಂಧ್ರದೊಳಗೆ ಸ್ವಲ್ಪ ಸೇರಿಸಿ ಪಕ್ಕಕ್ಕೆ ಒತ್ತಿದರೆ ಬಾಗು ಬದಲಾಗುತ್ತದೆ. ಒಂದೊಂದು ಕೂದಲೆಳೆಯಷ್ಟು ಒತ್ತಿ, ಮತ್ತೆ ಹಾಕಿ ನೋಡಿ. ಮೊದಲ ಸಲ ಹದಿನೈದು ಸಲವಾದರೂ ತೆಗೆದು ಹಾಕಬೇಕಾದೀತು. ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲೇ ಇನ್ನೊಂದು ಸಣ್ಣ ಕೆಲಸ ಇದೆ. ಕೊಕ್ಕೆಯ ಕೆಳಮೂಲೆ ಚೂಪಾಗಿದ್ದರೆ ತೋಟಾದ ಅಂಚು ಮೇಲೇರುವಾಗ ಅದಕ್ಕೆ ಡಿಕ್ಕಿ ಹೊಡೆಯುತ್ತದೆ. ಫ್ಯಾಕ್ಟರಿಗಳಲ್ಲಿ ಬಿಟ್ಟುಹೋಗುವ ಕೆಲಸ ಇದು. ಯಾಕೆಂದರೆ ಇದನ್ನು ಕೈಯಿಂದಲೇ ಮಾಡಬೇಕು, ಕೈಗೆ ಸಂಬಳ ಕೊಡಬೇಕು. ಸೂಜಿ ಅರದಿಂದ ಆ ಮೂಲೆಯನ್ನು ದುಂಡಗೆ ಮಾಡಿ, ಆರುನೂರನೇ ನಂಬರ್ ಎಮರಿ ಪೇಪರಿನಿಂದ ನಯ ಮಾಡಿ. ಹಾಲೋ ಪಾಯಿಂಟ್ ತಿನ್ನದ ಎಷ್ಟೋ ಪಿಸ್ತೂಲುಗಳು ಈ ಐದು ನಿಮಿಷದ ಕೆಲಸಕ್ಕೆ ದಾರಿಗೆ ಬಂದದ್ದನ್ನು ನೋಡಿದ್ದೇನೆ. ಕೈ ತಪ್ಪಿದರೂ ಹೋಗುವುದು ನಲವತ್ತು ಡಾಲರ್, ಫ್ರೇಮ್ ಅಲ್ಲ.

ಈಗ ರ‍್ಯಾಂಪಿಗೆ ಬರೋಣ. 1911 ಮಾದರಿಯಲ್ಲಿ ಇಳಿಜಾರು ಎರಡು ತುಂಡು. ಕೆಳಗಿನ ತುಂಡು ಫ್ರೇಮಿನಲ್ಲಿ, ಮೇಲಿನದು ಬ್ಯಾರೆಲಿನಲ್ಲಿ. ಇವೆರಡೂ ಸೇರಿ ಒಂದೇ ಇಳಿಜಾರು ಆಗಬೇಕು ಅಂತ ಜನ ಅಂದುಕೊಳ್ಳುತ್ತಾರೆ. ತಪ್ಪು. ನಡುವೆ ಮೆಟ್ಟಿಲು ಇರಲೇಬೇಕು. ಬ್ಯಾರೆಲನ್ನು ಫ್ರೇಮಿನಲ್ಲಿಟ್ಟು ಹಿಂದಕ್ಕೂ ಕೆಳಕ್ಕೂ ಒತ್ತಿ ಹಿಡಿದರೆ, ಬ್ಯಾರೆಲಿನ ಕೆಳತುಟಿ ಫ್ರೇಮಿನ ರ‍್ಯಾಂಪಿನ ಮೇಲಂಚಿಗಿಂತ ಇಂಚಿನ 32ರಲ್ಲಿ ಒಂದು ಭಾಗದಷ್ಟು ಮುಂದೆ ಇರಬೇಕು. ಅಂದರೆ ಸುಮಾರು 0.8 ಮಿಲಿಮೀಟರ್. ಗುಂಡಿನ ಮೂತಿ ಫ್ರೇಮಿನ ಇಳಿಜಾರು ಹತ್ತಿ, ಆ ಮೆಟ್ಟಿಲನ್ನು ಹಾರಿ ಬ್ಯಾರೆಲಿಗೆ ಇಳಿಯುತ್ತದೆ. ಬ್ಯಾರೆಲ್ ತುಟಿ ಹಿಂದೆ ಬಂದು ರ‍್ಯಾಂಪಿನ ಮೇಲೆ ಚಾಚಿಕೊಂಡಿದ್ದರೆ ಮೂತಿ ಅದಕ್ಕೇ ಹೊಡೆದು ನಿಲ್ಲುತ್ತದೆ. ನಯವಾದ ಒಂದೇ ಇಳಿಜಾರು ಮಾಡಲು ಹೋಗಿ ಈ ಮೆಟ್ಟಿಲನ್ನು ಉಜ್ಜಿ ಹಾಕುವುದೇ ಡ್ರೆಮೆಲ್ ವೀರರು ಮಾಡುವ ದೊಡ್ಡ ತಪ್ಪು. ನಾನು ಮಾಡಿದ್ದೂ ಅದನ್ನೇ.

ಮೆಟ್ಟಿಲು ಕಮ್ಮಿ ಇದ್ದರೆ ಬ್ಯಾರೆಲಿನ ಕಡೆಯಿಂದಲೇ ತೆಗೆಯಬೇಕು, ಫ್ರೇಮಿನಿಂದ ಅಲ್ಲ. ಅಲ್ಲೂ ಮಿತಿ ಇದೆ. ಬ್ಯಾರೆಲಿನ ಬಾಯನ್ನು ಜಾಸ್ತಿ ಕೊರೆದರೆ ತೋಟಾದ ಹಿಂಭಾಗಕ್ಕೆ ಕೆಳಗಿನಿಂದ ಆಸರೆ ತಪ್ಪುತ್ತದೆ. ಗುಂಡು ಹಾರುವಾಗ ಒಳಗಿನ ಒತ್ತಡಕ್ಕೆ ಆ ಬರಿದಾದ ಜಾಗದಲ್ಲಿ ಹಿತ್ತಾಳೆ ಉಬ್ಬುತ್ತದೆ, ಒಡೆದರೆ ಬಿಸಿ ಅನಿಲ ಮ್ಯಾಗಜೀನಿನ ಮೂಲಕ ನಿಮ್ಮ ಕೈಗೆ ಬರುತ್ತದೆ. ಅದಕ್ಕೇ ಇದನ್ನು ಮನೆಯಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ನೀವು ಅಳೆದು ನೋಡಿ, ಬ್ಯಾರೆಲ್ ತುಟಿ ಚಾಚಿಕೊಂಡಿದ್ದರೆ ಫೋಟೋ ತೆಗೆದು ಕಂಪನಿಗೆ ಕಳಿಸಿ. ಅದು ಅವರ ತಪ್ಪು, ಅವರೇ ಸರಿಮಾಡಲಿ. ಮೆಟ್ಟಿಲು ಸರಿಯಿದ್ದು ಮೇಲ್ಮೈ ಮಾತ್ರ ಒರಟಾಗಿದ್ದರೆ, ರ‍್ಯಾಂಪಿನಷ್ಟೇ ದಪ್ಪದ ಮರದ ಕಡ್ಡಿಗೆ ಆರುನೂರನೇ ನಂಬರ್ ಪೇಪರ್ ಸುತ್ತಿ, ಇಳಿಜಾರಿನ ಉದ್ದಕ್ಕೆ ಕೈಯಿಂದ ಉಜ್ಜಿ. ಮೇಲಂಚು ಚೂಪಾಗಿಯೇ ಉಳಿಯಬೇಕು. ಕನ್ನಡಿ ಬೇಕಿಲ್ಲ, ಹಿತ್ತಾಳೆ ಜಾರಿದರೆ ಸಾಕು.

ನಿಮ್ಮದು ಉಕ್ಕಿನ ಫ್ರೇಮ್ ಆದ್ದರಿಂದ ಇಷ್ಟು ಹೇಳಿದೆ. ಅಲ್ಯುಮಿನಿಯಂ ಫ್ರೇಮ್ ಇದ್ದವರು ರ‍್ಯಾಂಪ್ ಮುಟ್ಟಲೇಬಾರದು. ಅದರ ಮೇಲೆ ಅನೊಡೈಸ್ ಮಾಡಿದ ಗಟ್ಟಿ ಪದರ ಇರುತ್ತದೆ, ತೆಳ್ಳಗೆ. ಅದನ್ನು ಉಜ್ಜಿದರೆ ಒಳಗಿನ ಮೆತ್ತನೆ ಲೋಹ ಹೊರಬೀಳುತ್ತದೆ. ಆಮೇಲೆ ಪ್ರತಿ ಗುಂಡಿನ ಮೂತಿಯೂ ಅಲ್ಲಿ ಗುಳಿ ತೋಡುತ್ತದೆ.

ಪಕ್ಕದ ಮಾತು ಒಂದು. ಬ್ರೌನಿಂಗ್ ಶುರು ಮಾಡಿ, ಅವನು 1926ರಲ್ಲಿ ಸತ್ತ ಮೇಲೆ ಬೆಲ್ಜಿಯಂನ ದ್ಯುದೊನೆ ಸೈವ್ ಮುಗಿಸಿದ ಹೈ ಪವರ್ ಪಿಸ್ತೂಲಿನಲ್ಲಿ ಇಡೀ ರ‍್ಯಾಂಪ್ ಬ್ಯಾರೆಲಿನಲ್ಲೇ ಇದೆ. ಹಳೆಯ ಹೈ ಪವರ್‌ಗಳ ರ‍್ಯಾಂಪಿನಲ್ಲಿ ಒಂದು ಗೂನು ಇರುತ್ತಿತ್ತು. ದುಂಡು ಮೂತಿಯ ಗುಂಡು ಅದನ್ನು ದಾಟುತ್ತಿತ್ತು, ಹಾಲೋ ಪಾಯಿಂಟ್ ಎಡವುತ್ತಿತ್ತು. ಆ ಗೂನು ತೆಗೆಯುವುದು ಗನ್‌ಸ್ಮಿತ್‌ಗಳ ಮಾಮೂಲಿ ಕೆಲಸ, ಯಾಕೆಂದರೆ ಕೆಟ್ಟರೆ ಬ್ಯಾರೆಲ್ ತಾನೇ ಕೆಡುವುದು. ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ ನಮ್ಮ ಸೇನೆಗೆ ಅಂತ ಮಾಡಿದ 9 ಎಂಎಂ ಪಿಸ್ತೂಲು ಇದೇ ಹೈ ಪವರ್‌ನ ವಂಶದ್ದು.

ಕೈ ಕೊಯ್ಯುವ ಅಂಚುಗಳನ್ನು ಧೈರ್ಯವಾಗಿ ನೀವೇ ಮಾಡಬಹುದು. ಆದರೆ ಎಲ್ಲಿ ಅನ್ನುವುದು ಗೊತ್ತಿರಲಿ. ಕೈ ತಾಗುವ ಕಡೆ ಮಾತ್ರ: ಸೇಫ್ಟಿ ಲಿವರ್‌ನ ಹೊರಮೂಲೆ, ಟ್ರಿಗರ್ ಗಾರ್ಡಿನ ಕೆಳಗೆ ಬೆರಳು ಕೂರುವ ಜಾಗ, ಮ್ಯಾಗಜೀನ್ ಹೋಗುವ ಬಾಯಿ, ಸ್ಲೈಡಿನ ಮುಂದಿನ ಅಂಚು, ಹಿಂದಿನ ಸೈಟಿನ ಮೂಲೆಗಳು, ಖಾಲಿ ತೋಟಾ ಹಾರುವ ಕಿಂಡಿಯ ಹೊರಅಂಚು. ಸ್ಲೈಡ್ ಜಾರುವ ಹಳಿಗಳ ತುದಿ, ಸ್ಲೈಡ್ ಸ್ಟಾಪ್ ಕೂರುವ ಕಚ್ಚು, ಒಳಗಿನ ಯಾವುದೇ ಮೂಲೆ, ಇವು ಚೂಪಾಗಿದ್ದರೆ ಚೂಪಾಗಿಯೇ ಇರಲಿ. ಅವು ಚೂಪಾಗಿರುವುದಕ್ಕೆ ಕಾರಣ ಇದೆ.

ಪಿಸ್ತೂಲನ್ನು ಪೂರ್ತಿ ಬಿಚ್ಚಿ. ಅರ ಜಾರಿದರೆ ಗೀರು ಬೀಳದಂತೆ ಪಕ್ಕಕ್ಕೆ ಎರಡು ಪದರ ಟೇಪ್ ಅಂಟಿಸಿ. ಅಂಚಿಗೆ ಸಣ್ಣ ಅರದಿಂದ ಒಂದೋ ಎರಡೋ ಎಳೆತ. ಆಮೇಲೆ 320ರ ಎಮರಿ ಬಟ್ಟೆಯನ್ನು ಬೆರಳಗಲದ ಪಟ್ಟಿ ಹರಿದು, ಶೂ ಪಾಲಿಶ್ ಹುಡುಗ ಬಟ್ಟೆ ಎಳೆಯುವ ಹಾಗೆ ಅತ್ತಿತ್ತ ಎಳೆಯಿರಿ. ಕೊನೆಗೆ 600. ಅಂಚು ಕರಗಿದ ಹಾಗೆ ಕಾಣಬೇಕಿಲ್ಲ, ಅಂಗೈಯಿಂದ ಸವರಿದರೆ ಚುಚ್ಚದಿದ್ದರೆ ಮುಗಿಯಿತು. ಉಜ್ಜಿದ ಜಾಗ ಬೆಳ್ಳಗಾಗುತ್ತದೆ. ನಿಮ್ಮದು ಬ್ಲೂಯಿಂಗ್ ಆದ್ದರಿಂದ ಅಸಿಟೋನ್‌ನಿಂದ ಜಿಡ್ಡು ಒರೆಸಿ, ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಹಚ್ಚಿದರೆ ಹತ್ತಿರ ಹತ್ತಿರ ಹೊಂದಿಕೊಳ್ಳುತ್ತದೆ. ಫ್ಯಾಕ್ಟರಿಯದು 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಅದ್ದಿದ ಬಣ್ಣ, ಅಷ್ಟು ಗಟ್ಟಿ ಇದು ಬರುವುದಿಲ್ಲ. ಆಗಾಗ ಎಣ್ಣೆ ಬಟ್ಟೆಯಿಂದ ಒರೆಸಿಕೊಳ್ಳಿ. ಸ್ಟೇನ್‌ಲೆಸ್ ಪಿಸ್ತೂಲು ಇದ್ದವರಿಗೆ ಈ ರಗಳೆ ಇಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತುಂಡಿನಿಂದ ಗೆರೆಯ ದಿಕ್ಕಿಗೇ ಉಜ್ಜಿದರೆ ಕಲೆ ಕಾಣುವುದಿಲ್ಲ.

ಸ್ಲೈಡಿನ ಹಿಂಭಾಗ ಫ್ರೇಮಿಗೆ ಸಮ ಇಲ್ಲ, ಗ್ರಿಪ್ ಸೇಫ್ಟಿ (ಹಿಡಿಯ ಹಿಂದೆ ಅಂಗೈ ಒತ್ತುವ ತಡೆ) ಪಕ್ಕ ಸಂದು ಕಾಣುತ್ತದೆ ಅಂತ ಎಷ್ಟೋ ಜನ ಕೊರಗುತ್ತಾರೆ. ಕೊರಗಬೇಡಿ. ಅದು ಅಂದ, ಕೆಲಸ ಅಲ್ಲ.

ಗಟ್ಟಿ ಸೇಫ್ಟಿಗೆ ಹೆಚ್ಚಾಗಿ ಕಾರಣ ಒಂದು ಪುಟ್ಟ ಕೊಳವೆ. ಫ್ರೇಮಿನ ಎಡಕ್ಕೆ, ಗ್ರಿಪ್ಪಿನ ಮೇಲೆ ಕೂರುತ್ತದೆ. ಅದರೊಳಗೆ ಒಂದು ಸ್ಪ್ರಿಂಗ್, ಎರಡು ತುದಿಗೆ ಎರಡು ಮೊಳೆ. ಹಿಂದಿನ ಮೊಳೆ ಸೇಫ್ಟಿಯನ್ನು ಒತ್ತುತ್ತದೆ, ಮುಂದಿನದು ಸ್ಲೈಡ್ ಸ್ಟಾಪನ್ನು. ಮೊಳೆಯ ತಲೆ ಮೇಲೆ ಬರ್ ಇದ್ದರೆ, ಸೇಫ್ಟಿಯಲ್ಲಿ ಅದು ಕೂರುವ ಗುಳಿ ಒರಟಿದ್ದರೆ ಗಟ್ಟಿಯಾಗುತ್ತದೆ. ಮೊಳೆ ತಲೆಯನ್ನು ಪೇಪರ್ ಮೇಲೆ ತಿರುಗಿಸಿ ನಯ ಮಾಡಿ, ಗುಳಿಗೆ ಒಂದು ಚುಕ್ಕೆ ಗ್ರೀಸ್ ಇಡಿ. ಸ್ಪ್ರಿಂಗ್ ನಡುವೆ ಸೊಟ್ಟ ಇದ್ದರೆ ಅದನ್ನು ನೆಟ್ಟಗೆ ಮಾಡಬೇಡಿ! ಹಾರಿ ಹೋಗದಿರಲಿ ಅಂತ ಬೇಕಂತಲೇ ಬಾಗಿಸಿರುತ್ತಾರೆ. ಹಾಗೆಯೇ ಆ ಕೊಳವೆಯನ್ನು ಉಗುರಿನಿಂದ ಅಲುಗಾಡಿಸಿ ನೋಡಿ. ಅಲುಗಿದರೆ ಅಲ್ಲಿಗೇ ಗುಂಡು ಹಾರಿಸುವುದನ್ನು ನಿಲ್ಲಿಸಿ. ಸಡಿಲ ಕೊಳವೆ ಸರಿದು ಸೇಫ್ಟಿಯನ್ನೇ ಕಚ್ಚಿ ಹಿಡಿಯಬಹುದು. ಅದನ್ನು ಮತ್ತೆ ಕೂರಿಸಲು ಬೇರೆಯದೇ ಸಾಧನ ಬೇಕು, ಗನ್‌ಸ್ಮಿತ್ ಹತ್ತಿರ ಒಯ್ಯಿರಿ.

ಸೇಫ್ಟಿಯ ಒಳಗಡೆ ಚಾಚಿದ ಭಾಗಕ್ಕೆ ಮಾತ್ರ ಅರ ಮುಟ್ಟಿಸಬೇಡಿ. ಟ್ರಿಗರ್ ಒತ್ತಿದರೂ ಸಿಯರ್ (ಬಡಿಯುವ ಹ್ಯಾಮರನ್ನು ಹಿಡಿದಿಡುವ ತುಂಡು) ಕದಲದಂತೆ ತಡೆಯುವುದು ಅದೇ. ಪರೀಕ್ಷೆ ಹೀಗೆ: ಪಿಸ್ತೂಲು ಖಾಲಿ ಇದೆಯೇ ಅಂತ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿಕೊಳ್ಳಿ. ಹ್ಯಾಮರ್ ಎತ್ತಿ, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಒತ್ತಿ ಬಿಡಿ. ಈಗ ಸೇಫ್ಟಿ ತೆಗೆದು, ಕಿವಿ ಹತ್ತಿರ ಹಿಡಿದು ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಹಿಂದಕ್ಕೆ ಎಳೆಯಿರಿ. ಏನೂ ಸದ್ದು ಬರಬಾರದು. ಸಣ್ಣ ಕ್ಲಿಕ್ ಕೇಳಿದರೆ ಸಿಯರ್ ಆಗಲೇ ಕದಲಿತ್ತು ಅಂತ ಅರ್ಥ, ಪಿಸ್ತೂಲು ವಾಪಸ್ ಹೋಗಬೇಕು. ಟ್ರಿಗರ್ ಹಗುರ ಮಾಡುವುದು ಹೇಗೆ ಅಂತ ನೀವು ಕೇಳಿಲ್ಲ, ಒಳ್ಳೆಯದಾಯಿತು. ಹ್ಯಾಮರ್ ಕೊಕ್ಕೆ ಮತ್ತು ಸಿಯರ್ ಒಂದನ್ನೊಂದು ಹಿಡಿಯುವ ಜಾಗ ತೀರಾ ಚಿಕ್ಕದು. ಅಲ್ಲಿ ಕಲ್ಲು ತಪ್ಪಿದರೆ ಹ್ಯಾಮರ್ ತಾನೇ ಬೀಳಬಹುದು. ಜಿಗ್ (ಕೋನ ತಪ್ಪದಂತೆ ಭಾಗವನ್ನು ಹಿಡಿಯುವ ಸಾಧನ) ಇಲ್ಲದೆ ನಾನೂ ಮುಟ್ಟುವುದಿಲ್ಲ.

ಕಂಪನಿಗೆ ಕಳಿಸಲೇಬೇಕಾದ ಇನ್ನೊಂದು ದೋಷ ಬ್ಯಾರೆಲಿನ ಮೇಲಿನ ಉಬ್ಬುಗಳದ್ದು. ಗುಂಡು ಹಾರುವ ಕ್ಷಣದಲ್ಲಿ ಬ್ಯಾರೆಲ್ಲನ್ನೂ ಸ್ಲೈಡನ್ನೂ ಬೆಸೆದು ಹಿಡಿಯುವುದು ಅವೇ. ನೂರಿನ್ನೂರು ಸುತ್ತಿನಲ್ಲೇ ಅವುಗಳ ಮೂಲೆ ಜಜ್ಜಿ ಹೋಗಿದ್ದರೆ ಬ್ಯಾರೆಲ್ ಸರಿಯಾದ ಹೊತ್ತಿಗೆ ಕೆಳಗಿಳಿಯುತ್ತಿಲ್ಲ. ಇದಕ್ಕೆ ಮನೆಮದ್ದಿಲ್ಲ. ಹಳಿಗಳು ಬಿಗಿಯಾಗಿವೆ ಅಂತ ಗ್ರೈಂಡಿಂಗ್ ಪೇಸ್ಟ್ ಹಾಕಿ ಸ್ಲೈಡ್ ಉಜ್ಜುವುದನ್ನೂ ನಾನು ಒಪ್ಪುವುದಿಲ್ಲ. ಅದು ಬಿಗಿ ಇದ್ದಲ್ಲೂ ಸವೆಸುತ್ತದೆ, ಸಡಿಲ ಇದ್ದಲ್ಲೂ ಸವೆಸುತ್ತದೆ. ಪ್ರಶ್ಯನ್ ಬ್ಲೂ ಅನ್ನುವ ನೀಲಿ ಬಣ್ಣ ಹಚ್ಚಿ ಸರಿಸಿದರೆ ಎತ್ತರದ ಜಾಗ ತಾನೇ ಬಣ್ಣ ತೋರಿಸುತ್ತದೆ. ಹೆಚ್ಚಿನ ಸಲ ಎಣ್ಣೆ ಹಾಕಿ ಐನೂರು ಸುತ್ತು ಹೊಡೆದರೆ ತಾನಾಗಿಯೇ ಕೂರುತ್ತದೆ.

ಇನ್ನು ನಿಮ್ಮ ರೆಮಿಂಗ್ಟನ್ ರ‍್ಯಾಂಡ್. ಅದನ್ನು ನೆನೆದು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

1911ರ ಮಾರ್ಚ್‌ನಲ್ಲಿ ಬ್ರೌನಿಂಗ್‌ನ ಪಿಸ್ತೂಲನ್ನು ಸೇನೆಯವರು 6,000 ಸುತ್ತು ಹೊಡೆದು ಪರೀಕ್ಷಿಸಿದರು. ಕಾದು ಕೆಂಡವಾದಾಗ ನೀರಿನಲ್ಲಿ ಅದ್ದಿ ಮತ್ತೆ ಹೊಡೆದರು. ಒಮ್ಮೆಯೂ ನಿಲ್ಲಲಿಲ್ಲ. ಆ ತಿಂಗಳ 29ರಂದು ಸೇನೆ ಅದನ್ನು ಒಪ್ಪಿಕೊಂಡಿತು. ಎರಡನೇ ಮಹಾಯುದ್ಧ ಬಂದಾಗ ಕೋಲ್ಟ್ ಕಂಪನಿ ಒಂದರಿಂದ ಪೂರೈಸಲಿಲ್ಲ. ಆಗ ಬಂದೂಕು ಮಾಡಿ ಗೊತ್ತೇ ಇಲ್ಲದ ಕಂಪನಿಗಳಿಗೂ ಆರ್ಡರ್ ಹೋಯಿತು. ನಿಮ್ಮದನ್ನು ಮಾಡಿದ ರೆಮಿಂಗ್ಟನ್ ರ‍್ಯಾಂಡ್ ಟೈಪ್‌ರೈಟರ್ ಮಾಡುತ್ತಿದ್ದ ಕಂಪನಿ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಪಿಸ್ತೂಲು ಮಾಡಿತು, ಆ ಯುದ್ಧದಲ್ಲಿ ಎಲ್ಲರಿಗಿಂತ ಜಾಸ್ತಿ. ರೈಲ್ವೆ ಸಿಗ್ನಲ್ ಮಾಡುವ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕೂಡ ಮಾಡಿತು. ನಮ್ಮೂರಿನ ಟೈಲರ್ ಅಂಗಡಿಗಳಲ್ಲಿ ಹೊಲಿಗೆ ಯಂತ್ರದ ಮೇಲೆ ಹೆಸರು ಕಾಣುವ ಸಿಂಗರ್ 500 ಮಾಡಿತು. ಆ ಐನೂರರಲ್ಲಿ ಒಂದು ಸಿಕ್ಕಿದವರು ಮನೆ ಕಟ್ಟಿಸಬಹುದು.

ಒಂದು ಕಂಪನಿಯ ಬ್ಯಾರೆಲ್ ಇನ್ನೊಂದರ ಸ್ಲೈಡಿನಲ್ಲಿ ಕೂರಲೇಬೇಕು ಅಂತ ಸರ್ಕಾರದ ಷರತ್ತು. ಹಾಗಾಗಿ ಎಲ್ಲ ಕಡೆ ಸ್ವಲ್ಪ ಸಡಿಲ ಬಿಟ್ಟರು. ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಗಲಗಲ ಅನ್ನುತ್ತದಲ್ಲ, ಅದು ದೋಷ ಅಲ್ಲ, ಷರತ್ತಿನ ಸದ್ದು. ಮೇಲಿನ ಕಟರ್ ಗೆರೆಗಳೂ ಅಷ್ಟೇ. ಯುದ್ಧದ ಆತುರದಲ್ಲಿ ಪಾಲಿಶ್ ಮಾಡುವವರಿರಲಿಲ್ಲ. ಗೆರೆಗಳ ಮೇಲೇ ಬೂದು ಹಸಿರಿನ ಫಾಸ್ಫೇಟ್ ಲೇಪ, ಪಾರ್ಕರೈಸಿಂಗ್ ಅನ್ನುತ್ತಾರೆ, ಕೊಟ್ಟು ಕಳಿಸಿದರು. ಎಡಗಡೆ ಎಫ್‌ಜೆಎ ಅಂತ ಸಣ್ಣ ಮುದ್ರೆ ಇರಬಹುದು, ನೋಡಿ. ತನಿಖೆ ಮಾಡಿದ ಸೇನಾ ಅಧಿಕಾರಿಯ ಹೆಸರಿನ ಅಕ್ಷರಗಳವು. ಸಂಗ್ರಹಕಾರರು ಭೂತಗನ್ನಡಿ ಹಿಡಿದು ನೋಡುವುದು ಇದನ್ನೇ: ಗೆರೆ ಮೂಲದ್ದೇ, ಮುದ್ರೆಯ ಅಂಚು ಚೂಪಾಗಿದೆಯೇ, ಲೇಪ ಅಂದಿನದೇ. ನೀವು ಎಮರಿ ಪೇಪರ್ ಹಿಡಿದು ಒಂದು ಸಂಜೆ ಕೂತರೆ ಮೂರೂ ಹೋಗುತ್ತವೆ. ಬೆಲೆಯೂ ಅದರ ಹಿಂದೆಯೇ ಹೋಗುತ್ತದೆ. ಪಾರ್ಕರೈಸಿಂಗ್‌ಗೆ ಬ್ಲೂಯಿಂಗಿನ ಹಾಗೆ ಬಾಟಲಿಯಲ್ಲಿ ತೇಪೆ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ.

ಅದಕ್ಕೆ ಮಾಡಬೇಕಾದದ್ದು ಇಷ್ಟೇ. ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ. ಹೊಡೆಯುವುದಾದರೆ ಹೊಸ 16 ಪೌಂಡಿನ ರಿಕಾಯಿಲ್ ಸ್ಪ್ರಿಂಗ್ (ಹಿಂದೆ ಹೋದ ಸ್ಲೈಡನ್ನು ಮುಂದಕ್ಕೆ ತಳ್ಳುವುದು) ಹಾಕಿ. ಹಳೆಯ ಸ್ಪ್ರಿಂಗನ್ನು ಎಸೆಯದೆ ಚೀಟಿ ಬರೆದು ಎತ್ತಿಡಿ. ಸಾಧಾರಣ 230 ಗ್ರೇನ್ ದುಂಡು ಮೂತಿಯ ಗುಂಡು ಮಾತ್ರ ಹಾಕಿ, ಹೆಚ್ಚಿನ ಒತ್ತಡದ್ದು ಬೇಡ. ಆ ಕಾಲದ ಸ್ಲೈಡುಗಳನ್ನು ಇಂದಿನ ಹಾಗೆ ಪೂರ್ತಿ ಹಾರ್ಡನಿಂಗ್ ಮಾಡುತ್ತಿರಲಿಲ್ಲ, ಹೊಡೆತ ಜಾಸ್ತಿಯಾದರೆ ಬಿರುಕು ಬಿಡುತ್ತವೆ. ಎಕ್ಸ್‌ಟ್ರಾಕ್ಟರ್ ಸೋತಿದ್ದರೆ ಹೊಸದು ಹಾಕಿ ಹೊಡೆಯಿರಿ, ಮಾರುವ ದಿನಕ್ಕೆ ಹಳೆಯದನ್ನು ವಾಪಸ್ ಹಾಕಿ. ಇಲ್ಲೂ ಅದೇ ಲೆಕ್ಕ, ಅಲ್ವಾ? ತೆಗೆದು ಹಾಕಬಹುದಾದ್ದನ್ನೇ ಬದಲಾಯಿಸುವುದು.

ಈ ಶನಿವಾರ ಹೊಸ ಪಿಸ್ತೂಲಿಗೆ ಮೂರೇ ಕೆಲಸ ಮಾಡಿ. ಮ್ಯಾಗಜೀನ್‌ಗಳಿಗೆ ನಂಬರ್ ಹಾಕಿ, ಡಮ್ಮಿ ತೋಟಾದಿಂದ ಎಕ್ಸ್‌ಟ್ರಾಕ್ಟರಿನ ಬಿಗಿ ನೋಡಿ, ಬ್ಯಾರೆಲ್ ತುಟಿಯ ಮೆಟ್ಟಿಲು ಅಳೆಯಿರಿ. ಆಮೇಲೆ ಅದೇ ಹಾಲೋ ಪಾಯಿಂಟ್ ಇನ್ನೂರು ಸುತ್ತು ಹೊಡೆದು, ಯಾವ ನಂಬರಿನಲ್ಲಿ ಎಷ್ಟು ಸಲ ಸಿಕ್ಕಿಕೊಂಡಿತು, ತೋಟಾದ ಮೂತಿ ಮೇಲೆ ನೋಡುತ್ತಿತ್ತೋ ಕೆಳಗೋ ಅಂತ ಬರೆದು ಕಳಿಸಿ. ಮೂತಿ ಕೆಳಗಿದ್ದರೆ ಮ್ಯಾಗಜೀನಿನ ಮೇಲೆ ನನಗೆ ಮೊದಲ ಅನುಮಾನ. ಮೇಲಿದ್ದು, ತೋಟಾದ ಅಂಚು ಕೊಕ್ಕೆಯ ಕೆಳಗೆ ನಿಂತಿದ್ದರೆ ಸೂಜಿ ಅರ ಹುಡುಕಿ ಇಟ್ಟುಕೊಳ್ಳಿ.